ರೊಟ್ಟಿ ಬಡಿಯುವ ಕೈಯ ಮೇಲೊಂದು ಹಾಡು

ನಸುಕಿನಲ್ಲಿ ನಳ ಬಂತು. ಕೊಡಗಳನ್ನೂ ಡ್ರಮ್ಮನ್ನೂ ತುಂಬಿಸಿದೆ. ಅಂಗಳ ಗುಡಿಸಿ ನೀರು ಹೊಡೆದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಗ್ಯಾಸಿನ ಬರ್ನರಿನ ತೂತುಗಳನ್ನು ಸೂಜಿಯಿಂದ ಕೆದಕಿದೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಶೇಂಗಾ ಹುರಿದು ಖಾರದ ಹಿಂಡಿ ಕುಟ್ಟಿದೆ. ಆಮೇಲೆ ಸೀರೆ ಬದಲಿಸಿ, ಹಿಂಡಿಯನ್ನು ಒಂದು ಡಬ್ಬಿಗೆ ತುಂಬಿಕೊಂಡು, ಜೇವರ್ಗಿಯ ಬಸ್ ಸ್ಟ್ಯಾಂಡಿಗೆ ಹೋಗಿ ನೆಲೋಗಿಯ ಬಸ್ಸು ಹತ್ತಿದೆ. ಇವತ್ತು ಅಮಾವಾಸ್ಯೆ, ಶೆಡ್ಡಿಗೆ ರಜೆ. ಇಷ್ಟೂ ಕೆಲಸದಲ್ಲಿ ಸಿಟ್ಟು ನನ್ನ ಜೊತೆಗೇ ಇತ್ತು. ಹಿಂಡಿ ಬೇಕಾದದ್ದಕ್ಕಿಂತ ನುಣ್ಣಗಾಗಿಬಿಟ್ಟಿತು.

ಸಿಟ್ಟು ಒಂದು ಹಾಡಿನ ಮೇಲೆ. ಹಾಡಿನ ಮೇಲೆ ಯಾರಾದರೂ ಇಷ್ಟು ಸಿಟ್ಟಾಗುತ್ತಾರೆಯೇ ಎಂದು ಮನೆಯವರು ಕೇಳಿದರು. ಆಗುತ್ತಾರೆ.

ನಾನು ಜೇವರ್ಗಿಯ ಒಂದು ರೊಟ್ಟಿ ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆ. ತಗಡಿನ ಮಾಡು, ಸಾಲಾಗಿ ಒಲೆಗಳು, ಒಂದೊಂದು ಒಲೆಗೆ ಒಬ್ಬೊಬ್ಬ ಹೆಂಗಸು. ನಾವು ಬಡಿದ ಖಡಕ್ ರೊಟ್ಟಿ ಖಾನಾವಳಿಗಳಿಗೆ ಹೋಗುತ್ತದೆ, ಮದುವೆಗಳಿಗೆ ಹೋಗುತ್ತದೆ, ಗಡಿಯ ಖಜೂರಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವ ಲಾರಿಯವರೂ ಕಟ್ಟು ಕಟ್ಟಿಸಿಕೊಂಡು ಒಯ್ಯುತ್ತಾರೆ. ನಡುವೆ ಒಂದು ಸ್ಟೀಲ್ ಡಬ್ಬಿ ಇಟ್ಟು ಅದರೊಳಗೆ ಮೊಬೈಲು ನಿಲ್ಲಿಸುತ್ತೇವೆ. ಸದ್ದು ದೊಡ್ಡದಾಗುತ್ತದೆ. ಹೊಸ ಹಾಡು ಬಿಟ್ಟರೆ ಮೊದಲು ಕೇಳುವವರು ನಾವೇ. ಹಾಡು ಚಲೋ ಇದೆಯೋ ಇಲ್ಲವೋ ಎಂದು ನೋಡಲು ನಮ್ಮಲ್ಲಿ ಒಂದು ಪದ್ಧತಿ ಇದೆ: ಅದರ ತಾಳಕ್ಕೆ ರೊಟ್ಟಿ ಬಡಿದು ನೋಡುವುದು. ಪ್ರತಿ ಪೆಟ್ಟಿಗೂ ಅಂಗೈ ರೊಟ್ಟಿಯನ್ನು ಒಂದಿಷ್ಟು ತಿರುಗಿಸಬೇಕು. ಹಾಡು ಬಹಳ ಓಡಿದರೆ ಅಂಚು ಹರಿಯುತ್ತದೆ. ಬಹಳ ಎಳೆದರೆ ಹಿಟ್ಟು ಒಣಗುತ್ತದೆ.

ಈಗ ಬರುತ್ತಿರುವ ಹಾಡುಗಳ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂದಿಯ ದೊಡ್ಡ ಕಂಪನಿಗಳ ಹಾಡಿನಲ್ಲಿ ಅರ್ಧ ಹೊತ್ತು ಉಸಿರು ಬಿಡುವುದರಲ್ಲೇ ಹೋಗುತ್ತದೆ. ನಮ್ಮ ಕಡೆಯ ಹುಡುಗರು ದನಿಗೆ ಮಷಿನು ಹಚ್ಚಿ ಹಚ್ಚಿ ಬೋರ್‌ವೆಲ್ ಪೈಪಿನೊಳಗಿಂದ ಕೂಗಿದ ಹಾಗೆ ಹಾಡುತ್ತಾರೆ. ಹತ್ತಕ್ಕೆ ಎಂಟರಲ್ಲಿ ಹುಡುಗ ಅಳುತ್ತಾನೆ. ಹುಡುಗಿ ಸರಕಾರಿ ನೌಕರಿಯವನನ್ನು ಮದುವೆಯಾದಳು, ಮೋಸ ಮಾಡಿದಳು, ಅವಳ ಮನೆ ಮುಂದೆ ಬೈಕು ಹಾಯಿಸುತ್ತೇನೆ ಎನ್ನುತ್ತಾನೆ. ಆ ಹುಡುಗಿಗೆ ಏನನಿಸಿತು ಎಂಬ ಹಾಡು ಮಾತ್ರ ನಾನು ಇನ್ನೂ ಕೇಳಿಲ್ಲ. ಬಸ್ಸು ತಪ್ಪಿಸಿಕೊಂಡ ಮುದುಕನ ಮೇಲೆ ಬರೀ ಹಲಗೆ, ಹಾರ್ಮೋನಿಯಂ ಇಟ್ಟುಕೊಂಡು ಮಾಡಿದ ಒಂದು ಹಾಡು ಬಂದಿತ್ತು. ಎಂಥ ಚಂದ! ನಮ್ಮ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಡೆಯಿತು. ಹೊರಗೆ ಯಾರೂ ಕೇಳಿದಂತಿಲ್ಲ.

ಸಿಟ್ಟಿನ ಹಾಡಿಗೆ ಬರುತ್ತೇನೆ. ಹೋದ ತಿಂಗಳು ಅಫಜಲಪುರ ಕಡೆಯ ಮೂವರು ಹುಡುಗರು ಕ್ಯಾಮೆರಾ ಹಿಡಿದುಕೊಂಡು ಶೆಡ್ಡಿಗೆ ಬಂದರು. ಅವರಲ್ಲೊಬ್ಬ ಹಾಡುವವನು. "ನಿಮ್ಮ ಕಸುಬಿನ ಮ್ಯಾಲ ಹಾಡ ಮಾಡಾಕತ್ತೇವ್ರಿ ಅಕ್ಕಾ, ಊರಿಗೆಲ್ಲ ನಿಮ್ಮ ರೊಟ್ಟಿ ಗೊತ್ತಾಗ್ತದ" ಎಂದ. ಶೆಡ್ಡಿನ ಒಡತಿಗೆ ತನ್ನ ಬೋರ್ಡು ಕಾಣಿಸುತ್ತದಲ್ಲ ಎಂಬ ಖುಷಿ. ಮರುದಿನ ಶೂಟಿಂಗಿಗೆ ನಾವೆಲ್ಲ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಬಂದೆವು. ಬೆಂಕಿಯ ಮುಂದೆ ಅಂಥ ಸೀರೆ ಉಟ್ಟು ಕೂತದ್ದು ಅದೇ ಮೊದಲು. ಅವರಿಗೆ ಎಣ್ಣೆಗಾಯಿ ಪಲ್ಯ ಮಾಡಿ ಬಿಸಿ ರೊಟ್ಟಿ ಹಾಕಿದೆವು.

ನನ್ನ ಪಕ್ಕದ ಒಲೆ ನೆಲೋಗಿಯ ಹುಡುಗಿಯದು. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ನಮ್ಮೆಲ್ಲರಲ್ಲಿ ತೆಳ್ಳಗೆ ಬಡಿಯುವವಳು ಅವಳೇ. ಮುಂಗೈ ಮೇಲೆ ಹಸಿರು ಚೇಳಿನ ಹಚ್ಚೆ. ಸಣ್ಣವಳಿದ್ದಾಗ ಅಜ್ಜಿ ಹಾಕಿಸಿದ್ದಂತೆ. ಕ್ಯಾಮೆರಾ ಹತ್ತಿರ ಬಂದಾಗ ಅವಳು ಸೆರಗು ಎಳೆದುಕೊಂಡು, "ಮುಖಾ ಬ್ಯಾಡ್ರಿ, ನಮ್ಮ ಮನ್ಯಾಗ ನಡ್ಯಂಗಿಲ್ಲ" ಎಂದಳು. "ಆಯ್ತು ತಂಗಿ, ಬರೀ ಕೈ" ಎಂದರು. ಕೈಗೇನಾಗುತ್ತದೆ ಎಂದು ನಾವೂ ಅಂದುಕೊಂಡೆವು.

ಹಾಡು ಬಂತು. ಡಬ್ಬಿಯ ಸುತ್ತ ಎಲ್ಲರೂ ಕೂತು ನೋಡಿದೆವು. ಬೋರ್ಡು ಇಲ್ಲ, ನಾವಿಲ್ಲ, ನಮ್ಮ ಸೀರೆಗಳಿಲ್ಲ. ಯಾರೋ ಹೀರೋಯಿನ್ನು ಒಲೆಯ ಮುಂದೆ ಬಾಗಿ ನಿಂತಿದ್ದಾಳೆ. ನಡುನಡುವೆ ಪರದೆ ತುಂಬ ಆ ಚೇಳಿನ ಕೈ. ಹಾಡುವವನು ಈ ಕೈ ನನ್ನ ಗಲ್ಲಕ್ಕೆ ಬಡಿಯುವುದು ಯಾವಾಗ ಎನ್ನುತ್ತಾನೆ. ರೊಟ್ಟಿಯ ರೇಟು ಗೊತ್ತಾಯಿತು, ರೊಟ್ಟಿ ಬಡಿಯುವವಳ ರೇಟು ಎಷ್ಟು ಎನ್ನುತ್ತಾನೆ. ಹಿಂದಿನಿಂದ ನಾಲ್ಕು ಜನ ಹೋ ಎನ್ನುತ್ತಾರೆ. ಇನ್ನೂ ಒಂದು: ತಾಳಕ್ಕೆ ಹೊಂದಲೆಂದು ಆ ಕೈಯನ್ನು ಎರಡು ಪಟ್ಟು ಓಡಿಸಿದ್ದಾರೆ. ಅಷ್ಟು ಹದವಾಗಿ ಬಡಿಯುವ ಕೈ ಅಲ್ಲಿ ಕಟಕಟ ಎನ್ನುವ ಮಷಿನಿನ ಹಾಗೆ ಕಾಣುತ್ತದೆ.

ರಾಗ ಕೆಟ್ಟದಿದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ರಾಗ ಚಲೋ ಇದೆ. ಒಮ್ಮೆ ಕೇಳಿದರೆ ಬಾಯಿಗೆ ಹತ್ತುತ್ತದೆ. ಅದಕ್ಕೇ ನಾಲ್ಕೇ ದಿನದಲ್ಲಿ ಚಹಾದಂಗಡಿ, ಮೊಬೈಲ್ ಅಂಗಡಿ, ಟಂಟಂ ಆಟೊ ಎಲ್ಲೆಡೆ ಅದೇ. ಇಂಥ ಮಾತಿಗೆ ಅಂಥ ರಾಗ ಹಾಕಿದವನ ಮೇಲೆ ನನಗೆ ಎರಡು ಪಟ್ಟು ಸಿಟ್ಟು.

ಐದನೆಯ ದಿನ ಆ ಹುಡುಗಿ ಕೆಲಸಕ್ಕೆ ಬರಲಿಲ್ಲ. ಅವಳ ಗಂಡ ನೆಲೋಗಿಯಿಂದ ಜೇವರ್ಗಿಗೆ ಟಂಟಂ ಓಡಿಸುತ್ತಾನೆ. ದಿನವೂ ಅವಳನ್ನು ಬಿಟ್ಟು ಹೋಗುವವನು ಅವನೇ. ಅವತ್ತು ಒಬ್ಬನೇ ಬಂದು, "ಆಕಿ ಇನ್ನ ಬರಂಗಿಲ್ಲ" ಎಂದು ಬಾಗಿಲಲ್ಲೇ ಹೇಳಿ ಹೋದ.

ಹಾಡಿನ ಕೆಳಗೆ ಕಾರ್ಯಕ್ರಮಕ್ಕೆ ಕರೆಯಿರಿ ಎಂದು ಫೋನ್ ನಂಬರು ಇತ್ತು. ನಾನು ಹಚ್ಚಿ, ಸ್ಪೀಕರಿಗೆ ಹಾಕಿ, ಡಬ್ಬಿಯೊಳಗೆ ನಿಲ್ಲಿಸಿದೆ. ಹಾಡಿದವನೇ ಎತ್ತಿದ.

"ಹಲೋ, ಬುಕಿಂಗ್ ಏನ್ರಿ?"

"ಬುಕಿಂಗ್ ಅಲ್ಲಪಾ. ನಿಂಗ ಎಣ್ಣಿಗಾಯಿ ಬಡಿಸಿದಾಕಿ, ರೊಟ್ಟಿ ಶೆಡ್ಡಿನಿಂದ ಮಾತಾಡಾಕತ್ತೇನಿ."

"ಓ ಅಕ್ಕಾ! ನೋಡಿದ್ರೇನ್ರಿ ಹಾಡ? ಫುಲ್ ಹಿಟ್ ಆಗ್ಯಾದ!"

"ನೋಡಿದೆ. ರೇಟ್ ಕೇಳಿದಿ ಅಲ್ಲ, ಯಾರ ರೇಟ್ ಕೇಳಿದಿ?"

"ಅಯ್ಯ, ಅದು ಸಾಹಿತ್ಯರಿ ಅಕ್ಕಾ. ನಿಮಗಂದಿದ್ದಲ್ಲ, ಹೀರೋಯಿನ್‌ಗ ಅಂದಿದ್ದು."

"ನಿನ್ನ ಹೀರೋಯಿನ್ ಹಿಟ್ಟರ ಮುಟ್ಯಾಳೇನು? ಕೈ ನಮ್ಮ ಹುಡುಗೀದು."

"ಆ ಚೇಳಿನ ಕೈ ಏನ್ರಿ? ಕಮೆಂಟ್ ನೋಡ್ರಿ, ಎಲ್ಲಾರೂ ಅದನ್ನೇ ಕೇಳಾಕತ್ತಾರ. ಪಾರ್ಟ್ ಟೂದಾಗ ಮುಖಾ ಭೀ ತೋರಸೂನು ಅಂತ ಮಾಡೇವಿ. ಜರಾ ಆಕಿನ್ನ ಕೇಳ್ರಿ."

ಮೂಲೆಯ ಒಲೆಯವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಡಬ್ಬಿಗೆ ಬಾಯಿ ಹಚ್ಚಿದಳು. "ಲೇ ಮೂಳಾ, ಪಾರ್ಟ್ ಟೂದಾಗ ನಿಮ್ಮವ್ವನ ಮುಖಾ ತೋರಸು!"

"ಅವ್ವಗ ಯಾಕ ಹೋಗ್ತೀರಿ?" ಎಂದ. ದನಿ ಸಣ್ಣಗಾಗಿತ್ತು. ಹಾಡು ತೆಗೆ ಎಂದೆ. ಕಂಪನಿಗೆ ಕೊಟ್ಟಾಗಿದೆ, ತೆಗೆಯಲು ಬರುವುದಿಲ್ಲ ಎಂದು ಫೋನ್ ಇಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಒಡತಿ ಎಲ್ಲವನ್ನೂ ಕೇಳಿಸಿಕೊಂಡಳು. "ಎರಡ ವಾರದಾಗ ಬ್ಯಾರೆ ಹಾಡ ಬರ್ತದ, ಇದು ಯಾರಿಗೂ ನೆನಪಿರಂಗಿಲ್ಲ. ಆದ್ರ ಮದುವಿ ಸೀಜನ್ ಅದ, ಒಲಿ ಖಾಲಿ ಇಡಾಕ ಬರಂಗಿಲ್ಲ. ಅಮಾಸಿ ಮುಗಿದ ಮರುದಿನ ಆಕಿ ಬರ್ಲಿಲ್ಲಂದ್ರ ಬ್ಯಾರೆಯಾಕಿನ್ನ ಕೂಡಸ್ತೇನಿ" ಎಂದಳು. ಅವಳದೂ ಸುಳ್ಳಲ್ಲ. ಆದರೆ ಒಮ್ಮೆ ಕೈತಪ್ಪಿದ ಒಲೆ ಮತ್ತೆ ಸಿಗುವುದಿಲ್ಲ; ಕೇಳಿಕೊಂಡು ಬರುವವರು ಬಾಗಿಲಲ್ಲೇ ಇರುತ್ತಾರೆ. ಅದಕ್ಕೇ ಇವತ್ತು ನೆಲೋಗಿಗೆ ಹೋದದ್ದು.

ಮನೆಯ ಮುಂದೆ ಟಂಟಂ ನಿಂತಿತ್ತು. ಒಳಗೆ ದೊಡ್ಡ ದೊಡ್ಡ ಸ್ಪೀಕರು, ನೀಲಿ ಲೈಟು. ಗಂಡ ಗಾಜು ಒರೆಸುತ್ತಿದ್ದವನು "ಬರ್ರಿ ಅಕ್ಕಾ" ಎಂದನೇ ಹೊರತು ಮುಖ ಎತ್ತಲಿಲ್ಲ. ಪಡಸಾಲೆಯ ಹೊರಸಿನ ಮೇಲೆ ಅತ್ತೆ. ಹುಡುಗಿ ಒಳಗೆ ತೊಗರಿ ಕೇರುತ್ತಿದ್ದಳು; ಮೊರದ ಸದ್ದು ನನ್ನ ದನಿ ಕೇಳಿ ನಿಂತಿತು, ಮತ್ತೆ ಶುರುವಾಯಿತು.

ಹಿಂಡಿಯ ಡಬ್ಬಿ ಕೊಟ್ಟೆ, ಚಹಾ ಕುಡಿದೆ. ನಾಳೆ ಅವಳನ್ನು ಕಳಿಸಿರಿ ಎಂದೆ.

"ಹ್ಯಾಂಗ ಕಳಸ್ಲಿ ಬೇ?" ಅತ್ತೆ ಎಂದಳು. "ನೀರಿಗೆ ಹೊಂಟ್ರ ಕಟ್ಟಿ ಮ್ಯಾಲಿನ ಹುಡುಗ್ರು ಮೊಬೈಲಿನಾಗ ಆ ಹಾಡ ಹಚ್ತಾವ. ಈಕಿ ಕೊಡ ಅಲ್ಲೇ ಇಟ್ಟು ತಿರುಗಿ ಬಂದಾಳ."

ಗಂಡ ಒರೆಸುವ ಬಟ್ಟೆ ಹಿಂಡುತ್ತ ಒಳಗೆ ಬಂದ. "ನನ್ನ ಇಜ್ಜತ್ ಹೋಗ್ಯಾದ್ರಿ ಅಕ್ಕಾ. ಪ್ಯಾಸೆಂಜರ್ ಒಬ್ಬಾಂವ ಹಿಂದಿಂದ ಕೇಳ್ತಾನ, ಮಾಮಾ, ಇದು ನಿಮ್ಮ ಮನೀದೇ ಕೈ ಅಲ್ಲೇನು ಅಂತ."

"ಅವಾಗ ಯಾವ ಹಾಡ ನಡದಿತ್ತು ಗಾಡ್ಯಾಗ?"

ಅವನು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದ. ಒಳಗಿನಿಂದ ಹುಡುಗಿಯೇ ಉತ್ತರ ಕೊಟ್ಟಳು. "ಅದೇ ಹಾಡ ನಡದಿತ್ತು ಅಕ್ಕಾ. ಬಂದ ದಿನಾನೇ ಪೆನ್ ಡ್ರೈವಿಗೆ ಹಾಕಿಸ್ಯಾರ. ಸ್ಟೇಟಸ್ ಭೀ ಇಟ್ಟಿದ್ರು."

"ನಂಗ ಗೊತ್ತಿದ್ದಿಲ್ಲ! ಸ್ಟೇಟಸ್ಸಿನಾಗ ಮೊದಲಿನ ತುಕಡಾ ಅಷ್ಟೇ ಬರ್ತದ. ಚೇಳು ಆಮ್ಯಾಲ ಬರ್ತದ" ಎಂದ ಗಂಡ.

ಚಹಾದ ಬಸಿ ಕೆಳಗಿಟ್ಟೆ. "ರೇಟ್ ಕೇಳೂದು ಮೊದಲಿನ ತುಕಡಾದಾಗೇ ಅದ ಅಲ್ಲಪಾ. ಅದನ್ನ ಕೇಳಿ, ಖುಷಿಪಟ್ಟು ಊರಿಗೆಲ್ಲ ತೋರಿಸಿದಿ. ಬ್ಯಾರೆಯವ್ರ ಮನೀ ಕೈ ಅಂತ ತಿಳಕೊಂಡಿದ್ದಾಗ ಹಾಡ ಚಲೋ ಇತ್ತು?"

"ಎಲ್ಲಾರೂ ಹಾಕ್ತಾರ್ರಿ. ಹಾಡ ಇಲ್ಲಂದ್ರ ಹುಡುಗ್ರು ಗಾಡಿ ಹತ್ತಂಗಿಲ್ಲ."

"ಹುಡುಗ್ರು ಹತ್ತಲಿ ಅಂತ ನಮ್ಮ ರೇಟ್ ಕೇಳೂದು, ಹೆಂಡ್ತಿ ಕೈ ಅಂತ ಗೊತ್ತಾದ್ರ ಆಕಿನ್ನೇ ಒಳಗ ಹಾಕೂದು. ಹಾಡಿದಾಂವ ಆರಾಮ ಅದಾನ, ಹಚ್ಚಿದಾಂವ ಆರಾಮ ಅದಾನ. ತಪ್ಪು ಮಾಡಿದ್ದು ಕೈ ಒಂದೇ?"

ಅವನು ಬಟ್ಟೆ ಕೊಡವಿ ಹೊರಗೆ ಹೋದ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಒಪ್ಪಿದ ಹಾಗೆ ಕಾಣಲಿಲ್ಲ. "ನಾ ಅಂತೂ ಗಾಡ್ಯಾಗ ಕೂಡಿಸ್ಕೊಂಡು ಹೋಗಂಗಿಲ್ಲ" ಎಂದು ಅಂಗಳದಿಂದಲೇ ಕೂಗಿದ.

ಅತ್ತೆ ಒಮ್ಮೆಲೇ ಮಗನ ಮೇಲೆ ಹರಿಹಾಯ್ದಳು. ಅವಳ ಒಂದು ಕಣ್ಣಿನ ಪೊರೆಯ ಆಪರೇಷನ್ ಆದದ್ದು ಸೊಸೆಯ ದುಡಿಮೆಯಿಂದ. ಇನ್ನೊಂದು ಬಾಕಿ ಇದೆ. "ಇನ್ನೊಂದ ಕಣ್ಣ ಯಾರ ಮಾಡಸ್ತಾರಲೇ? ನಿನ್ನ ಆ ಹಾಡ ಮಾಡಸ್ತದೇನು?" ಮುದುಕಿ ನನ್ನತ್ತ ತಿರುಗಿದಳು. "ಈಕಿನ್ನ ನಿನ್ನ ಮನ್ಯಾಗ ಇಟ್ಕೊ ಬೇ. ಅಲ್ಲಿಂದ ಕೆಲಸಕ್ಕ ಹೋಗ್ಲಿ. ಕಟ್ಟಿ ದಾಟೂದೂ ಬ್ಯಾಡ, ಇವನ ಗಾಡಿನೂ ಬ್ಯಾಡ. ಇವನ ತಲಿ ತಣ್ಣಗಾದ ಮ್ಯಾಲ ನಾನೇ ಬಂದು ಕರ್ಕೊಂಡು ಬರ್ತೇನಿ."

ಹುಡುಗಿ ಕೇರುವುದನ್ನು ಪೂರ್ತಿ ಮಾಡಿ, ತೊಗರಿಯನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿದಳು. ಆಮೇಲೆ ಎರಡು ಸೀರೆಯನ್ನು ಒಂದು ಪಿಶವಿಗೆ ಹಾಕಿಕೊಂಡು ಬಂದಳು. ಅತ್ತೆ ಅವಳ ಕೈಗೆ ಬಸ್ಸಿನ ಚಾರ್ಜು ಕೊಟ್ಟಳು. ಗಂಡ ಟಂಟಂನ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತ.

ಬಸ್ಸಿಗೆ ನಡೆಯುವಾಗ ಕಟ್ಟೆಯ ಮೇಲೆ ಹುಡುಗರಿದ್ದರು. ನಾವು ಹತ್ತಿರ ಬಂದದ್ದೇ ತಡ, ಹಾಡು ಹಚ್ಚಿದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ನಿಂತು ಬೈದೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬ ನಕ್ಕ, ಒಬ್ಬ ಮೊಬೈಲ್ ಕಿಸೆಗೆ ಹಾಕಿಕೊಂಡ. ಕಿಸೆಯೊಳಗೂ ಹಾಡು ನಡೆದೇ ಇತ್ತು.

ಬಸ್ಸಿನಲ್ಲಿ ನನಗೆ ಗೆದ್ದ ಹಾಗೆ ಅನಿಸಲಿಲ್ಲ. ಒಲೆ ಉಳಿಯಿತು, ನಿಜ. ಆದರೆ ಹಾಡು ಊರಿನಲ್ಲೇ ಉಳಿದಿದೆ, ಊರು ಬಿಟ್ಟವಳು ಹುಡುಗಿ. ಎರಡು ವಾರದಲ್ಲಿ ಎಲ್ಲರೂ ಮರೆಯುತ್ತಾರೆ ಎಂದು ಒಡತಿ ಹೇಳಿದ್ದು ನೆನಪಾಗಿ ಮತ್ತೆ ಮೈ ಉರಿಯಿತು. ಮರೆಯುವವರಿಗೆ ಏನು ಕಷ್ಟ? ಕಿಟಕಿ ಹಿಡಿದು ಕೂತವಳು ಒಂದೇ ಒಂದು ಮಾತು ಕೇಳಿದಳು: "ನಾಳಿ ಎಷ್ಟ ರೊಟ್ಟಿ ಆರ್ಡರ್ ಅದಾವ ಅಕ್ಕಾ?" ಸರಸಂಬಾದ ಮದುವೆಯದು ದೊಡ್ಡ ಆರ್ಡರು ಇದೆ ಎಂದೆ. ತಲೆಯಾಡಿಸಿದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮನೆಯವರು ಅವಳ ಕೈಯ ಪಿಶವಿ ನೋಡಿದರು. ಗಿರಣಿಗೆ ಹೋಗಿ ಹಿಟ್ಟು ತಂದರು. ರೊಟ್ಟಿ ನಾನೇ ಮಾಡುತ್ತೇನೆ ಎಂದರೂ ಹುಡುಗಿ ಕೇಳಲಿಲ್ಲ. ಒಲೆಯ ಮುಂದೆ ಕೂತು ಬಡಿದಳು, ಹಾಡು ಗೀಡು ಏನೂ ಇಲ್ಲದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು ಉಂಡೆವು. ಮನೆಯವರು ಒಂದು ರೊಟ್ಟಿ ಹೆಚ್ಚು ತಿಂದರು. ಅವಳು ಎರಡನೆಯದನ್ನು ಅರ್ಧಕ್ಕೆ ಬಿಟ್ಟಳು. ನಾನು ಗಂಗಾಳ ತೊಳೆದು ಬರುವಷ್ಟರಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೊದಲು ನಿದ್ದೆ ಹೋದವಳು ಅವಳೇ.