ತೊದಲದೆ ಹೇಳಿದ ಮಾತು

ನಮ್ಮ ಭಾವನಿಗೆ ಉಗ್ಗು. ಅಲ್ಲೊಂದು ಇಲ್ಲೊಂದು ಅಕ್ಷರ ಎಡವುವ ಉಗ್ಗಲ್ಲ, ಪೂರಾ ಉಗ್ಗು. ಅವರು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದ ಗಿರಾಕಿ "ಯಾವಾಗ ಸಿಗುತ್ತೆ ಸಾರ್" ಅಂತ ಕೇಳಿದರೆ, ಇವರು "ಗು... ಗು..." ಅನ್ನುವಷ್ಟರಲ್ಲಿ ಆತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರದ ಮೇಲೆ ಬೆರಳಿಟ್ಟು, ತಾನೇ ತೀರ್ಮಾನ ಮಾಡಿಕೊಂಡು ಹೋಗಿಬಿಡುತ್ತಿದ್ದ. ಅದಕ್ಕೇ ಮಾಲೀಕರು ಅವರನ್ನು ಹಿಂದಿನ ಕೋಣೆಗೆ ಹಾಕಿದ್ದರು. ಅಲ್ಲಿ ಒಂದು ಉಜ್ಜುವ ಚಕ್ರ, ಒಂದು ದೀಪ, ಮೇಜಿನ ತುಂಬ ಗಾಜಿನ ಪುಡಿ. ಫ್ರೇಮಿನ ಆಕಾರಕ್ಕೆ ಗಾಜಿನ ಅಂಚು ಉಜ್ಜಿ ಕೂರಿಸುವುದು ಅವರ ಕೆಲಸ. ಇಡೀ ದಿನ ಬಾಯಿ ತೆರೆಯಬೇಕಾಗಿರಲಿಲ್ಲ.

ಭಾನುವಾರ ಬಂದರೆ ಮಾತ್ರ ಮನುಷ್ಯ ಬೇರೆಯೇ. ನಮ್ಮ ಚರ್ಚಿನ ಸಭೆಗೆ ಆಗಾಗ ಹೊರದೇಶದ ಬೋಧಕರು ಬರುತ್ತಾರೆ. ಅವರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸಬೇಕು, ಪಕ್ಕದಲ್ಲಿ ನಿಂತ ಭಾವ ಅದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಮಿಷನ್ ಹಾಸ್ಟೆಲಿನಲ್ಲಿ ಬೆಳೆದವರಲ್ಲವೇ, ಇಂಗ್ಲಿಷ್ ಚೆನ್ನಾಗಿತ್ತು. ಆಶ್ಚರ್ಯ ಅದಲ್ಲ. ಮೈಕು ಕೈಗೆ ಬಂದ ಕೂಡಲೇ ಉಗ್ಗು ಮಂಗಮಾಯ. ಬೇರೆಯವರ ಮಾತಾದರೆ ನಲ್ಲಿ ತಿರುಗಿಸಿದ ಹಾಗೆ ಬರುತ್ತಿತ್ತು, ಸ್ವಂತ ಮಾತಾದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಉಗ್ಗು ಇರುವ ಬಹಳ ಜನಕ್ಕೆ ಹೀಗಾಗುತ್ತದೆ ಅಂತ ಡಾಕ್ಟರೊಬ್ಬರು ಹೇಳಿದ್ದರು. ನಮ್ಮ ಸಭೆಯವರು ಕೇಳಬೇಕಲ್ಲ, ಅವರ ಪಾಲಿಗೆ ಅದು ಪವಿತ್ರಾತ್ಮನ ಕೆಲಸ. ನಮ್ಮಕ್ಕನೂ ಹಾಗೇ ನಂಬಿದ್ದಳು.

ಅಕ್ಕನಿಗೆ ಭಾವ ಗುರುತಾದದ್ದೂ ಆ ಕೆಲಸದಿಂದಲೇ. ಅಮ್ಮ ತೀರಿಕೊಂಡಾಗ ಅಕ್ಕ ಊಟ ಬಿಟ್ಟು ಗೋಡೆ ನೋಡುತ್ತ ಕೂತಿದ್ದಳು. ಹೊರದೇಶದ ವಯಸ್ಸಾದ ಬೋಧಕರೊಬ್ಬರು ಮನೆಗೆ ಬಂದು ಸಮಾಧಾನ ಹೇಳಿದರು, ನಮ್ಮ ಕಿವಿಗೆ ಬಿದ್ದದ್ದು ಭಾವನ ದನಿಯಲ್ಲಿ. ಅವತ್ತು ಎದ್ದು ಒಂದು ತುತ್ತು ತಿಂದಳು. ಮುಂದೆ ಅವರನ್ನೇ ಮದುವೆಯಾದಳು. ಮದುವೆಯಲ್ಲಿ ಪಾಸ್ಟರು ಹೇಳಿಕೊಟ್ಟ ಪ್ರಮಾಣವನ್ನೆಲ್ಲ ಭಾವ ಸರಾಗವಾಗಿ ಹೇಳಿದರು. ಕೊನೆಯಲ್ಲಿ "ಈಕೆಯನ್ನು ಒಪ್ಪಿದ್ದೀಯಾ" ಅಂತ ಕೇಳಿದಾಗ ಮಾತ್ರ "ಹೌ... ಹೌ..." ಅಂತ ಅಲ್ಲೇ ನಿಂತರು. "ಹೌದಂತೆ ಪಾಸ್ಟರೇ," ಅಂದಳು ಅಕ್ಕ. ಇಡೀ ಸಭೆ ಗೊಳ್ಳೆಂದು ನಕ್ಕಿತು.

ಆಮೇಲೆ ಅದೇ ಅಭ್ಯಾಸವಾಯಿತು. ಭಾವ ಮಾತು ಶುರು ಮಾಡಿದರೆ ಮುಗಿಸುವವಳು ಅಕ್ಕ. "ತ... ತ..." "ತಲೆನೋವಾ? ಮಲಗಿ, ಬಿಸಿ ಕಾಫಿ ತರ್ತೀನಿ." ಹೆಚ್ಚಿನ ಸಲ ಸರಿಯಾಗೇ ಊಹಿಸುತ್ತಿದ್ದಳು. ತಪ್ಪಾದಾಗಲೂ ಭಾವ ಅದನ್ನೇ ಒಪ್ಪಿಕೊಂಡುಬಿಡುತ್ತಿದ್ದರು, ತಿದ್ದುವುದಕ್ಕಿಂತ ಅದೇ ಸಲೀಸು. ಅವರಿಗೆ ಮಕ್ಕಳಿರಲಿಲ್ಲ. ನಾನು ಕೆಳಗಿನ ಕೋಣೆಯಲ್ಲಿದ್ದೆ, ಬೇಕರಿ ಕೆಲಸ ಮುಗಿಸಿ ಬಂದರೆ ನನ್ನ ಊಟ ಅವರ ಮನೆಯಲ್ಲೇ.

ವೇದಿಕೆಯ ಮೇಲೆ ಇನ್ನೊಬ್ಬರ ಮಾತು ಹೇಳುವವರಿಗೆ ಒಂದು ಪದ್ಧತಿ ಇದೆ. ಬೋಧಕರು 'ನಾನು' ಅಂದರೆ ಇವರೂ 'ನಾನು' ಅನ್ನಬೇಕು. 'ಬೋಧಕರು ಹೀಗೆ ಹೇಳ್ತಿದ್ದಾರೆ' ಅನ್ನುವ ಹಾಗಿಲ್ಲ. ಒಮ್ಮೆ ಬಂದ ಬೋಧಕರು ತಮ್ಮ ಹಳೇ ಜೀವನದ ಸಾಕ್ಷಿ ಹೇಳಿದರು. ಭಾವ ಎದೆ ಮುಟ್ಟಿಕೊಂಡು, "ನಾನು ಮಹಾ ಕುಡುಕನಾಗಿದ್ದೆ, ಹೆಂಡತಿಯ ಉಂಗುರ ಮಾರಿ ಕುಡಿದೆ," ಅಂದರು. ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಆಮೆನ್ ಅಜ್ಜಿ ಅಂತಲೇ ಹೆಸರು. ಯಾರದೋ ಕೊಡೆ ಕಳೆದಿದೆ ಅಂತ ಪ್ರಕಟಣೆ ಮಾಡಿದರೂ 'ಆಮೆನ್' ಅನ್ನುವವಳು. ಅವಳು ಅವತ್ತು ಅಕ್ಕನ ಕೈ ಹಿಡಿದು ಅತ್ತಳು. "ಇಷ್ಟು ದಿನ ತುಟಿಪಿಟಕ್ಕೆನ್ನದೆ ಸಹಿಸಿಕೊಂಡೆಯಲ್ಲ ಮಗಳೇ." ಆಮೇಲೆ ಪ್ರತಿ ಉಪವಾಸ ಪ್ರಾರ್ಥನೆಯ ಕೂಟದಲ್ಲೂ ಭಾವನ ಕುಡಿತ ಬಿಡಿಸು ಅಂತ ಕರ್ತನಿಗೆ ದುಂಬಾಲು ಬಿದ್ದಳು. ಭಾವ ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿದವರೇ ಅಲ್ಲ. ಅಕ್ಕ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟು ನಗಬೇಡ ಅಂತ ನಾನು ಗದರುತ್ತಿದ್ದೆ. ಅಕ್ಕನಿಗೆ ಚಿಕ್ಕಂದಿನಿಂದ ಹೃದಯದ ಕಾಯಿಲೆ. ಮದುವೆಯಾದ ಮೇಲೆ ಆಪರೇಷನ್ ಮಾಡಿ, ಕೆಟ್ಟ ಕವಾಟ ತೆಗೆದು ಲೋಹದ್ದು ಹಾಕಿದ್ದರು. ಮನೆ ಸದ್ದಿಲ್ಲದೆ ಇದ್ದಾಗ ಅದು ಟಿಕ್ ಟಿಕ್ ಅನ್ನುವುದು ಹೊರಗೇ ಕೇಳುತ್ತಿತ್ತು. "ನಮ್ಮನೆಗೆ ಗಡಿಯಾರ ಬೇಡ ಕಣೇ," ಅನ್ನುತ್ತಿದ್ದಳು. ಆ ಸದ್ದು ಕಿವಿಗೆ ಬೀಳದಿದ್ದರೆ ಭಾವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಒಂದು ಮಾತ್ರೆ, ಜೀವ ಇರುವವರೆಗೂ. ಆ ಮಾತ್ರೆಯ ಕಾಟವೂ ಕಡಿಮೆಯದಲ್ಲ. ಹಲ್ಲುಜ್ಜಿದರೆ ರಕ್ತ, ಬಾಗಿಲು ತಗುಲಿದರೆ ನೀಲಿ ಕಲೆ, ಸೊಪ್ಪು ತಿನ್ನಲೂ ಲೆಕ್ಕ, ತಿಂಗಳು ತಿಂಗಳು ರಕ್ತ ಪರೀಕ್ಷೆ. ಸಂಜೆ ಊಟವಾದ ಮೇಲೆ ಭಾವ ಒಂದು ಅಂಗೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಬಂದು ನಿಲ್ಲುತ್ತಿದ್ದರು. ಅವಳು ಮುಖ ಸಿಂಡರಿಸಿಕೊಂಡು ನುಂಗುತ್ತಿದ್ದಳು.

ಹೀಗಿರುವಾಗ, ಪ್ರಾರ್ಥನೆಯಿಂದಲೇ ರೋಗ ಗುಣಮಾಡುವ ಆ ಸ್ವಸ್ಥತೆಯ ಕೂಟ ಬಂತು. ಬೋಧಕರು ಎತ್ತರದ ಆಳು, ಮೆತ್ತಗಿನ ದನಿ. ಕೆಟ್ಟವರು ಅಂತ ನಾನು ಹೇಳಲ್ಲ, ಕೆಟ್ಟವರಾಗಿದ್ದರೆ ಬೈಯಲು ನನಗೆ ಸುಲಭವಾಗುತ್ತಿತ್ತು. ಪ್ರಸಂಗ ಮುಗಿಸಿ, ಕಣ್ಣು ಮುಚ್ಚಿ, ಕೈಯೆತ್ತಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಭಾವನೂ ಕಣ್ಣು ಮುಚ್ಚಿ, ಕೈಯೆತ್ತಿ ಹೇಳಿದರು: "ಇಲ್ಲಿ ಒಬ್ಬ ಸಹೋದರಿ ಇದ್ದಾಳೆ. ವೈದ್ಯರು ಅವಳ ಹೃದಯವನ್ನು ತೆರೆದಿದ್ದಾರೆ. ಸಹೋದರಿಯೇ, ನಾನು ನಿನಗೆ ಹೇಳುತ್ತೇನೆ, ಇವತ್ತು ನಿನಗೆ ಪೂರ್ಣ ಸ್ವಸ್ಥತೆ ಆಗಿದೆ. ಇನ್ನು ನಿನಗೆ ಔಷಧಿಯ ಹಂಗಿಲ್ಲ." ಒಂದಕ್ಷರ ತೊದಲಲಿಲ್ಲ. ಸಭೆಯಲ್ಲಿ ಹೃದಯದ ಆಪರೇಷನ್ ಆದವಳು ಒಬ್ಬಳೇ ಅಂತ ಎಲ್ಲರಿಗೂ ಗೊತ್ತು. ಅಕ್ಕ ಎದ್ದು ನಿಂತಳು. ಅಜ್ಜಿ ಆಮೆನ್ ಅಂದಳು, ವೇದಿಕೆ ಮೇಲಿದ್ದ ಪಾಸ್ಟರೂ ಅಂದರು.

ಅವತ್ತು ಸಂಜೆ ಭಾವ ಎಂದಿನಂತೆ ಮಾತ್ರೆ, ಲೋಟ ಹಿಡಿದು ಬಂದರು. ಅಕ್ಕ ತಲೆಯಾಡಿಸಿದಳು.

"ಬೇಡ ರೀ. ನೀವೇ ಹೇಳಿದಿರಲ್ಲ."

ಭಾವ ಮಾತ್ರೆಯನ್ನು ಇನ್ನೂ ಮುಂದೆ ಚಾಚಿದರು. "ಅ... ಅದು ನಾ... ನಾ..."

"ನೀವಲ್ಲ, ಗೊತ್ತು. ಅದಕ್ಕೇ ನಂಬಿದ್ದು," ಅಂದಳು ಅಕ್ಕ. "ನಿಮ್ಮ ಸ್ವಂತ ಮಾತಾಗಿದ್ರೆ ತೊದಲ್ತಿದ್ರಿ. ಅದು ತೊದಲದೆ ಬಂತು. ನಿಮ್ಮ ಬಾಯಲ್ಲಿ ತೊದಲದೆ ಬರೋದೆಲ್ಲ ಕರ್ತನ ಮಾತೇ ಅಲ್ವಾ?"

"ಮಾ... ಮಾ..."

"ಮಾತಾಡೋದು ಬೇಡ ಬಿಡಿ," ಅಂತ ಎಂದಿನಂತೆ ಅವಳೇ ಮುಗಿಸಿದಳು. ಲೋಟ ತೆಗೆದುಕೊಂಡು ಬರೀ ನೀರು ಕುಡಿದಳು. ಮಾತ್ರೆ ಭಾವನ ಅಂಗೈಯಲ್ಲೇ ಉಳಿಯಿತು.

ನಾನು ಸುಮ್ಮನಿರೋಳಲ್ಲ, ಕೋಪ ನನಗೆ ಮೂಗಿನ ತುದಿಯಲ್ಲೇ. "ತಲೆಗಿಲೆ ಕೆಟ್ಟಿದೆಯಾ ನಿಂಗೆ? ಸಾಯ್ತೀಯಾ," ಅಂತ ಕೂಗಾಡಿದೆ. ಅಕ್ಕ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು, ಅಷ್ಟೇ. ಪಾಸ್ಟರ ಹತ್ತಿರ ಓಡಿದೆ. ಪಾಪ, ಒಳ್ಳೆಯ ಮನುಷ್ಯ, ಮಾರನೇ ದಿನವೇ ಬಂದರು. "ಅಮ್ಮಾ, ಮಾತ್ರೇನೂ ದೇವರು ಕೊಟ್ಟಿದ್ದೇ. ಡಾಕ್ಟರನ್ನ ಕೇಳದೆ ನಿಲ್ಲಿಸೋದು ಸರಿಯಲ್ಲ," ಅಂದರು. ಅಕ್ಕ ಕಾಫಿ ಕೈಗೆ ಕೊಟ್ಟು ಕೇಳಿದಳು, "ಆ ಬೋಧಕರನ್ನ ಕರೆಸಿದ್ದು ಯಾರು ಪಾಸ್ಟರೇ? ಆಮೆನ್ ಅಂದಿದ್ದು ಯಾರು?" ಪಾಸ್ಟರು ಕಾಫಿ ಮುಗಿಸಿ, ಪ್ರಾರ್ಥನೆ ಮಾಡಿ ಎದ್ದು ಹೋದರು.

ಉಳಿದದ್ದು ಭಾವ ಒಬ್ಬರೇ. ಅವರು ಹೇಳಿದರೆ ಅಕ್ಕ ಕೇಳಿಯಾಳು ಅಂತ ನನಗಿತ್ತು. ಅಂಗಡಿಯ ಹಿಂದಿನ ಕೋಣೆಗೇ ನುಗ್ಗಿ ತರಾಟೆಗೆ ತೆಗೆದುಕೊಂಡೆ. "ಭಾವ, ಅದು ಆ ಮನುಷ್ಯನ ಮಾತು, ನಾನು ಗಿಳಿ ಥರ ಒಪ್ಪಿಸಿದೆ ಅಂತ ಅವಳಿಗೆ ಹೇಳಿ. ಅವಳು ಅರ್ಧಕ್ಕೆ ತಡೆದ್ರೂ ಬಿಡಬೇಡಿ, ಪೂರ್ತಿ ಹೇಳಿ."

ಭಾವ ಚಕ್ರ ನಿಲ್ಲಿಸಿದರು. ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. "ನಿ... ನಿಮ್ಮಮ್ಮ ಹೋದಾಗ ಸ... ಸಮಾಧಾನ ಹೇಳಿದ್ದೂ ಇದೇ ಬಾ... ಬಾಯಿ. ಅವಳು ಎದ್ದಿದ್ದೇ ಆ ಮಾ... ಮಾತಿಂದ. ಇದು ಬರೀ ಮಾತು ಅಂದ್ರೆ, ಅ... ಅದೇನು?"

"ಅದು ಬೇರೆ, ಇದು ಬೇರೆ ಭಾವ," ಅಂದೆ. ಹೇಗೆ ಬೇರೆ ಅಂತ ಬಿಡಿಸಿ ಹೇಳಲು ನನಗೆ ಬರಲಿಲ್ಲ.

"ಒಂದು ವೇಳೆ ನಿ... ನಿಜವಾಗಿದ್ರೆ?" ಅಂದರು ಅವರು. ಆ ಮುಖ ನೋಡಿ ನನ್ನ ಕೋಪವೆಲ್ಲ ಇಳಿದುಹೋಯಿತು. ಅದು ನಿಜವಾಗಲಿ ಅಂತ ನಮ್ಮೆಲ್ಲರಿಗಿಂತ ಹೆಚ್ಚು ಬೇಡಿಕೊಳ್ಳುತ್ತಿದ್ದವರು ಅವರೇ.

ಸ್ವಲ್ಪ ದಿನ ಅಕ್ಕ ಹೂವಿನ ಹಾಗಿದ್ದಳು. ಹಲ್ಲಲ್ಲಿ ರಕ್ತವಿಲ್ಲ, ಮೈಮೇಲೆ ಕಲೆಯಿಲ್ಲ. ಸೊಪ್ಪನ್ನು ಹೊಟ್ಟೆ ತುಂಬ ತಿಂದಳು. ಕರ್ತ ನನ್ನನ್ನು ಗುಣಮಾಡಿದ ಅಂತ ವೇದಿಕೆ ಹತ್ತಿ ಸಾಕ್ಷಿಯನ್ನೂ ಹೇಳಿದಳು, ಭಾವ ಕೆಳಗೆ ಕೂತು ನೆಲ ನೋಡುತ್ತಿದ್ದರು. ಸಂಜೆ ಮಾತ್ರೆ, ಲೋಟ ಹಿಡಿದು ನಿಲ್ಲುವುದನ್ನು ಮಾತ್ರ ಅವರು ಬಿಡಲಿಲ್ಲ. ಇವರು ಬಾಯಿ ತೆರೆಯುವುದು, ಅವಳು ನಕ್ಕು ತಡೆಯುವುದು, ಬರೀ ನೀರು ಕುಡಿಯುವುದು, ದಿನಾ ಇದೇ ಆಯಿತು.

ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಕರೆದಳು. "ಬಾರೇ ಇಲ್ಲಿ, ಎದೆಗೆ ಕಿವಿ ಇಡು." ಇಟ್ಟೆ. "ಟಿಕ್ ಟಿಕ್ ಇಲ್ಲ ನೋಡು. ಕರ್ತ ಆ ಮೆಷೀನು ತೆಗೆದು ನಂದೇ ಹೃದಯ ವಾಪಸ್ ಕೊಟ್ಟಿದ್ದಾನೆ ಕಣೇ." ಅವಳ ಕಣ್ಣಲ್ಲಿ ಸಂತೋಷದ ನೀರು. ಅಡುಗೆಮನೆಯ ಬಾಗಿಲಲ್ಲಿ ಭಾವ ನಿಂತಿದ್ದರು. ಅವರು ನಿದ್ದೆ ಮಾಡಿರಲಿಲ್ಲ ಅಂತ ಮುಖವೇ ಹೇಳುತ್ತಿತ್ತು.

ನಾವಿಬ್ಬರೂ ಬಲವಂತ ಮಾಡಿ, ಆಸ್ಪತ್ರೆಗೆ ಅಂತ ಮೆಟ್ಟಿಲು ಇಳಿಸಿ ಬಾಡಿಗೆ ಕಾರು ಹತ್ತಿಸುವಷ್ಟರಲ್ಲಿ ಅವಳಿಗೆ ಏದುಸಿರು. ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಮಾತ್ರೆ ಯಾವಾಗ ನಿಲ್ಲಿಸಿದಿರಿ?" ಅಂತ ಅದೊಂದನ್ನೇ ಕೇಳಿದರು. ಕವಾಟದ ಮೇಲೆ ಕಟ್ಟಿದ ಹೆಪ್ಪು ಅದರ ಸದ್ದನ್ನೇ ನುಂಗಿತ್ತು. ಆಪರೇಷನ್ ಕೋಣೆಗೆ ಒಯ್ಯುವಾಗ ಅಕ್ಕ ಭಾವನ ಕೈ ಹಿಡಿದು, "ಹೆದರಬೇಡಿ. ನೀವೇ ಹೇಳಿದ್ದೀರಲ್ಲ," ಅಂದಳು. ಹೊರಗೆ ಬಂದದ್ದು ಅವಳ ಹೆಣ.

ಮಣ್ಣು ಮಾಡಿದ ದಿನ, ಎಲ್ಲರೆದುರಿಗೇ, "ನೀವೇ ಕೊಂದಿರಿ," ಅಂದೆ. ಭಾವ ಹೌದು ಅಂತ ತಲೆಯಾಡಿಸಿದರು. ಅವತ್ತಿಂದ ನಾನು ಮಾತು ಬಿಟ್ಟೆ. ಊಟದ ಡಬ್ಬಿ ಬಾಗಿಲಲ್ಲಿಟ್ಟು ಬರುತ್ತಿದ್ದೆ, ಅದೂ ಅಕ್ಕನ ಋಣಕ್ಕೆ. ಭಾವ ವೇದಿಕೆ ಬಿಟ್ಟರು. ಭಾನುವಾರ ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತು, ಯಾರಿಗೂ ಮುಖ ತೋರಿಸದೆ ಎದ್ದು ಹೋಗುತ್ತಿದ್ದರು. ಒಬ್ಬ ಹೆಂಗಸು ಇಲ್ಲದ ಮನೆ ಎಷ್ಟು ಮೂಕವಾಗುತ್ತದೆ ಅಂತ ನನಗೆ ಕೆಳಗಿನ ಕೋಣೆಯಲ್ಲಿ ಕೂತೇ ಗೊತ್ತಾಗುತ್ತಿತ್ತು. ಸಂಕಟವಾಗುತ್ತಿತ್ತು, ಆದರೂ ಮೆಟ್ಟಿಲು ಹತ್ತಿ ಮಾತಾಡಿಸಲು ಮನಸ್ಸು ಬರಲಿಲ್ಲ.

ವರ್ಷ ಕಳೆದು ಇನ್ನೊಬ್ಬ ಬೋಧಕರು ಬಂದರು. ವೇದಿಕೆ ಹತ್ತುತ್ತೇನೆ ಅಂತ ಭಾವ ತಾವಾಗಿಯೇ ಪಾಸ್ಟರಿಗೆ ಹೇಳಿದರಂತೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನಾಚಿಕೆಯಾದರೂ ಬೇಡವಾ ಈ ಮನುಷ್ಯನಿಗೆ? ನನ್ನ ಮುಖ ನೋಡಿಕೊಂಡೇ ಮಾತಾಡಲಿ ಅಂತ, ಮುಂದಿನ ಸಾಲಿನಲ್ಲಿ ಅಕ್ಕನ ಜಾಗದಲ್ಲೇ ಹೋಗಿ ಕೂತೆ.

ಪ್ರಸಂಗ ಮುಗಿಯಿತು. ಬೋಧಕರು ಕಣ್ಣು ಮುಚ್ಚಿ ಕೈಯೆತ್ತಿದರು. ಭಾವ ಕೈಯೆತ್ತಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. "ಸಕ್ಕರೆ ಕಾಯಿಲೆಯಿಂದ ನರಳುತ್ತಿರುವ ಸಹೋದರನೇ, ಕರ್ತನು ಇವತ್ತು ನಿನ್ನನ್ನು ಮುಟ್ಟಿದ್ದಾನೆ," ಅಂದರು. ಅದೇ ಹಳೆಯ ಸರಾಗ. ಆ ಬದಿಯಲ್ಲಿ ಒಬ್ಬರು ಅಳುತ್ತ ಎದ್ದು ನಿಂತರು. ಬೋಧಕರು ಮುಂದಿನ ವಾಕ್ಯಕ್ಕೆ ಬಾಯಿ ತೆರೆದರು. ಭಾವ ಅವರ ತೋಳು ಮುಟ್ಟಿ ತಡೆದರು.

"ಮಾ..."

ಆ ವೇದಿಕೆಯ ಮೇಲೆ ಮೈಕು ಹಿಡಿದು ಭಾವ ತೊದಲಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. "ಮಾ... ಮಾ..." ಕುತ್ತಿಗೆಯ ನರ ಉಬ್ಬಿಬಂತು. ಬೋಧಕರು ಏನಿದು ಅನ್ನುವಂತೆ ಪಾಸ್ಟರ ಕಡೆ ನೋಡಿದರು, ಪಾಸ್ಟರು ಸುಮ್ಮನಿರಿ ಅಂತ ಕೈಸನ್ನೆ ಮಾಡಿದರು. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಅವಳೇ ಮುಗಿಸಿರುತ್ತಿದ್ದಳು. ಅವಳು ಮುಗಿಸಗೊಡದ ವಾಕ್ಯ ಅದೇ ಅಂತ ನನಗೆ ಆಗ ಹೊಳೆಯಿತು. ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ಕೂತೆ. ಅದನ್ನು ಅವರೇ ಮುಗಿಸಬೇಕಿತ್ತು.

"ಮಾ... ಮಾತ್ರೆ ನಿ... ನಿಲ್ಲಿಸಬೇಡಿ," ಅಂದರು ಭಾವ. "ಇ... ಇದು ಬೋಧಕರ ಮಾತಲ್ಲ. ನಾ... ನಾನು ಹೇಳ್ತಿರೋದು."

ಎದ್ದು ನಿಂತಿದ್ದವರು ಕಣ್ಣೊರೆಸಿಕೊಂಡು ಮೆಲ್ಲಗೆ ಕೂತರು. ಆಮೆನ್ ಅಜ್ಜಿ ಅವತ್ತು ಬಾಯಿ ಬಿಡಲಿಲ್ಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಕ್ಕನ ಜಾಗದಲ್ಲಿ ಕೂತು ನಾನೇ "ಆಮೆನ್" ಅಂದೆ. ಅವಳನ್ನು ಮಣ್ಣು ಮಾಡಿದ ದಿನದಿಂದ ಈಚೆಗೆ ಭಾವನಿಗೆ ನಾನು ಆಡಿದ ಮೊದಲ ಮಾತು ಅದು.