ಎಡಗೈಯಲ್ಲಿ ಹಲ್ಲುಜ್ಜಲು ಕಲಿತವರು

ಸೇಲಂನಲ್ಲಿ ನಾನು ಡೆಂಟಲ್ ಹೈಜೀನ್ ಕೋರ್ಸಿನ ಎರಡನೇ ವರ್ಷದಲ್ಲಿದ್ದಾಗ, ಹತ್ತಿರದ ಎಡಪ್ಪಾಡಿಯಿಂದ ಕೈಮಗ್ಗ ನೇಯುವ ಹೆಂಗಸೊಬ್ಬರು ಮಗಳ ಜೊತೆ ನಮ್ಮ ಕಾಲೇಜಿನ ಆಸ್ಪತ್ರೆಗೆ ಬಂದರು. ಐವತ್ತು ದಾಟಿದ್ದ ಅವರ ಒಸಡು ಊದಿಕೊಂಡು, ಮುಟ್ಟಿದಲ್ಲೆಲ್ಲ ರಕ್ತ ಬರುತ್ತಿತ್ತು. ಹಲ್ಲಿಗೆ ಗಟ್ಟಿಯಾಗಿ ಕಟ್ಟಿದ್ದ ಪಾಚಿಯನ್ನು ಕೆರೆದು ತೆಗೆದೆ. ಆಮೇಲೆ ಪ್ಲಾಸ್ಟರಿನ ಹಲ್ಲುಗಳನ್ನು ಕೈಯಲ್ಲಿ ಹಿಡಿದು, ಹೇಗೆ ಉಜ್ಜಬೇಕೆಂದು ತಮಿಳಿನಲ್ಲಿ ಬಾಯಿಪಾಠ ಒಪ್ಪಿಸಿದೆ. ಅವರು ತಲೆಯಾಡಿಸಿ, ಮಗಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಈ ಉಡ್ಗಿ ದಿನಾ ಎರಡ್ ಸಲ ಉಜ್ಜು ಅಂತಾಳೆ. ಕೈ ಮ್ಯಾಕೇ ಬರಾಕಿಲ್ಲ, ಇವ್ಳಿಗೇನ್ ಗೊತ್ತು?"

ನಮ್ಮ ಮನೆಮಾತೂ ಕನ್ನಡವೇ. ಕಾಲೇಜಿನಲ್ಲಿ ಮಾತ್ರ ಅದನ್ನು ಎಂದೂ ಆಡಿರಲಿಲ್ಲ.

"ಯಾವ ಕೈ ಅಮ್ಮಾ ನೋಯ್ತಿರೋದು?" ಎಂದು ಕನ್ನಡದಲ್ಲೇ ಕೇಳಿದೆ.

ಮಗಳು ತಲೆ ತಗ್ಗಿಸಿ ನಕ್ಕಳು. ಆ ತಾಯಿ ಮುಜುಗರಪಟ್ಟರು.

"ನಮ್ ಮಾತು ಬತ್ತೈತಾ ನಿಂಗೆ? ಬೇಜಾರ್ ಮಾಡ್ಕಬ್ಯಾಡವ್ವ. ಮಗ್ಗದ ಅಗ್ಗ ಎಳ್ದು ಎಳ್ದು ಬಲ್ದ ತೋಳು ಇಡ್ಕಂಡೈತೆ. ತಲೆ ಬಾಚಾದೂ ಇವ್ಳೇ."

ಶುಗರ್, ಬಿಪಿ ಎಲ್ಲ ಕೇಳಿ ಬರೆದುಕೊಂಡಿದ್ದೆ. ಕೈ ಎತ್ತಲು ಆಗುತ್ತದೆಯೇ ಎಂದು ಕೇಳಿರಲಿಲ್ಲ. ನಾಚಿಕೆಯಾಯಿತು. ನಮಗೆ ಕಲಿಸುತ್ತಿದ್ದ ಮೇಡಂ ಬಳಿ ಹೋಗಿ ಹೇಳಿದೆ. "ಹಾಗಾದರೆ ಅವರಿಂದ ಆಗುವುದು ಏನು, ಅದನ್ನು ನೋಡು" ಎಂದರು.

ಆ ತಾಯಿಯನ್ನು ಕುರ್ಚಿಯಿಂದ ಇಳಿಸಿ ಮೇಜಿನ ಮುಂದೆ ಕೂರಿಸಿದೆ. ಎಡ ಮೊಣಕೈಯನ್ನು ಮೇಜಿನ ಮೇಲೆ ಊರಿಸಿ, ಎಡಗೈಗೆ ಬ್ರಷ್ ಕೊಟ್ಟೆ. ಅದು ಜಾರಿ ಪೇಸ್ಟ್ ಕೆನ್ನೆಗೆ ಮೆತ್ತಿತು. ಅವರು ಬ್ರಷ್ ಕೆಳಗಿಟ್ಟುಬಿಟ್ಟರು. ನಾನೂ ಒಂದು ಹೊಸ ಬ್ರಷ್ ತೆಗೆದು, ಪಕ್ಕದಲ್ಲಿ ಕೂತು ಎಡಗೈಯಲ್ಲಿ ಉಜ್ಜಿಕೊಂಡೆ. ನನ್ನದು ಮೂಗಿಗೆ ತಾಗಿತು.

"ನಿಂಗೂ ಬರಾಕಿಲ್ಲ, ಬುಡು," ಎಂದು ಅವರು ನಕ್ಕು, ಮತ್ತೆ ಬ್ರಷ್ ಕೈಗೆತ್ತಿಕೊಂಡರು.

ಅರ್ಧ ಗಂಟೆ ಹಾಗೇ ಕೂತೆವು. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು.

ಒಂದು ತಿಂಗಳು ಬಿಟ್ಟು ಬಂದಾಗ ಮುಂದಿನ ಹಲ್ಲುಗಳ ಒಸಡು ಗಟ್ಟಿಯಾಗಿತ್ತು. ಬಲಗಡೆಯ ದವಡೆಯಲ್ಲಿ ಮಾತ್ರ ಇನ್ನೂ ರಕ್ತ ಬರುತ್ತಿತ್ತು. ಎಡಗೈಗೆ ಆ ಜಾಗ ಎಟುಕುತ್ತಿರಲಿಲ್ಲ. ಅದಕ್ಕೆಂದು ಮಕ್ಕಳು ಉಪಯೋಗಿಸುವ ಸಣ್ಣ ಬ್ರಷ್ ಕೊಟ್ಟು, ಹಿಡಿಯುವ ಬಗೆ ತೋರಿಸಿದೆ. ತೋಳಿಗೆ ಮೂಳೆ ಡಾಕ್ಟರಿಗೆ ತೋರಿಸಿ ಎಂದು ಮೇಡಂ ಚೀಟಿ ಬರೆದುಕೊಟ್ಟರು.

"ದೀಪಾವಳಿಗೆ ನೇಯಾ ಸೀರೆ ಮುಗೀಲಿ, ಓಗಾನ," ಎಂದರು ಆ ತಾಯಿ.

"ನಾಳೇನೇ ಓಗಾದು," ಎಂದು ಮಗಳು ಚೀಟಿಯನ್ನು ತನ್ನ ಪರ್ಸಿನಲ್ಲಿಟ್ಟುಕೊಂಡಳು.