ಮೊಳೆಬಾಯಿಯ ಮನೆಗೆ ಹೊದಿಸಿದ ಕೆಂಪು ರೆಕ್ಸಿನ್

ಇವನ ವಿಷಯ ಹೇಳಲೇಬೇಕು. ತನ್ನ ಮನೆ ಮನೆಯ ಹಾಗೆ ಇದೆ ಎಂದು ತೋರಿಸಲು ಹೋಗಿ, ಅದನ್ನು ಪೂರ್ತಿ ಕೆಡಿಸಿ, ನೋಡಲು ಬಂದವರ ಕಣ್ಣೆದುರಿಗೇ ಮತ್ತೆ ಸರಿಮಾಡಿದ ಗಂಡಸು ಇನ್ನೊಬ್ಬ ಸಿಗುವುದಿಲ್ಲ.

ಕಸುಬು ಸೋಫಾ ರಿಪೇರಿ. ಹರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗು ಹೊರಬಂದ ದಿವಾನ್ ಕಾಟು, ಎಲ್ಲ ಇವನ ಕೈಗೇ ಬರುತ್ತವೆ. ಸಣ್ಣ ಮೊಳೆಗಳನ್ನು ಬಾಯಿ ತುಂಬ ಇಟ್ಟುಕೊಂಡು, ಒಂದೊಂದನ್ನೇ ತುಟಿಯ ತುದಿಗೆ ತಂದು ಹೊಡೆಯುತ್ತಾನೆ. ಅದಕ್ಕೇ ಬೀದಿಯವರು ಮೊಳೆಬಾಯಿ ಎಂದು ಹೆಸರಿಟ್ಟರು. ಮಾತಾಡಬೇಕಾದರೆ ಮೊದಲು ಮೊಳೆ ಉಗುಳಬೇಕು. ಉಗುಳುವಷ್ಟು ಮುಖ್ಯವಾದ ಮಾತು ಅವನಿಗೆ ದಿನಕ್ಕೆ ಒಂದೋ ಎರಡೋ ಸಿಗುತ್ತಿತ್ತು.

ಹೆಂಡತಿ ಬಿಟ್ಟುಹೋದದ್ದೂ ಇದಕ್ಕೇ. ಅವಳೇನು ಕೆಟ್ಟವಳಲ್ಲ, ಮಾತು ಬೇಕಾದವಳು. "ಗೋಡೆ ಜೊತೆ ಸಂಸಾರ ಮಾಡ್ದಂಗಾಯ್ತು" ಎಂದು ಮಗಳು ಪುಟ್ಟಿಯನ್ನು ಕರೆದುಕೊಂಡು ಅಣ್ಣನ ಮನೆ ಸೇರಿದಳು. ಪುಟ್ಟಿ ಯಾರ ಹತ್ತಿರ ಇರಬೇಕು ಎನ್ನುವುದು ಕೋರ್ಟಿಗೆ ಹೋಯಿತು. ತೀರ್ಪು ಬರುವ ತನಕ ಶನಿವಾರ, ಭಾನುವಾರ ಮಾತ್ರ ಅಪ್ಪನ ಮನೆ.

"ಆ ಮನೆಯಲ್ಲಿ ಮಗುವಿಗೆ ಕೂರಲು ಒಂದು ಖಾಯಂ ಜಾಗವಿಲ್ಲ" ಎಂದು ಹೆಂಡತಿಯ ಕಡೆಯ ವಕೀಲರು ವಾದಿಸಿದರು. ಅದೂ ಪೂರ್ತಿ ಸುಳ್ಳಲ್ಲ. ಅಂಗಡಿ ಇಕ್ಕಟ್ಟು. ಗಿರಾಕಿಗಳ ಸೋಫಾಗಳೆಲ್ಲ ಮನೆಯ ಹಾಲಿಗೇ ಬರುತ್ತಿದ್ದವು. ಈ ವಾರ ಹಲ್ಲಿನ ಡಾಕ್ಟರ ಬೆಂಚು, ಮುಂದಿನ ವಾರ ಯಾವುದೋ ಹೋಟೆಲಿನ ಕುರ್ಚಿಗಳ ಹಿಂಡು. ಕದಲದೆ ಇದ್ದದ್ದು ಕಿಟಕಿ ಕೆಳಗಿನ ಹಳೇ ಸೋಫಾ ಒಂದೇ. ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡು ಕೆಲಸದವನಿಗೆ ಎನ್ನುವುದು ಆ ಕಸುಬಿನ ರೂಢಿ. ಪುಟ್ಟಿ ಆರಿಸಿದ ತುಂಡನ್ನೆಲ್ಲ ಮೊಳೆಬಾಯಿ ಆ ಸೋಫಾದ ಮೇಲೆ ಹೊಲಿದಿದ್ದ. ಹಸಿರು ಪಟ್ಟೆ, ಹಳದಿ ಹೂವು, ಹೋಟೆಲಿನ ನೀಲಿ. ನೋಡಿದವರ ಕಣ್ಣು ಕುಕ್ಕುತ್ತಿತ್ತು. ಪುಟ್ಟಿ ಅದರ ಮೇಲೆ ಅಂಗಾತ ಬಿದ್ದು ಓದುತ್ತಿದ್ದಳು. ನೆಲಕ್ಕೆ ಬಿದ್ದ ಮೊಳೆಗಳನ್ನು ಹಳೇ ಸ್ಪೀಕರಿನ ಅಯಸ್ಕಾಂತದಲ್ಲಿ ಆರಿಸುವುದು ಅವಳದೇ ಕೆಲಸ. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಕೋರ್ಟಿನಿಂದ ಒಬ್ಬ ಮೇಡಂ ಮನೆ ನೋಡಲು ಬರುತ್ತಾರೆ, ಅವರು ಬರೆದು ಕೊಟ್ಟದ್ದರ ಮೇಲೇ ತೀರ್ಪು ಎಂದು ಗೊತ್ತಾಯಿತು. ಮೊಳೆಬಾಯಿಯ ವಕೀಲರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಸ್ಥಿರವಾದ ಗೃಹಜೀವನ ತೋರಿಸ್ಬೇಕು ಕಣಯ್ಯಾ."

"ಎಲ್ಲಿ ತೋರಿಸ್ಬೇಕು ಸಾರ್?"

"ನನ್ನ ತಲೆ ಮೇಲೆ! ಮನೇಲಪ್ಪಾ, ಮನೇಲಿ. ಎಲ್ಲ ಒಂದಕ್ಕೊಂದು ಹೊಂದ್ಕೊಂಡು ಇರ್ಬೇಕು. ನೋಡಿದ್ರೆ ಅಜ್ಜನ ಕಾಲದಿಂದ ಹೀಗೇ ಇದೆ ಅನ್ನಿಸ್ಬೇಕು. ನಾಳೆನೇ ಶುರು ಮಾಡು."

ಅಕ್ಕ ಟೊಂಕ ಕಟ್ಟಿ ಬಂದಳು. ಮೊಳೆಬಾಯಿಯ ಅಕ್ಕ ತನ್ನ ಮನೆಯನ್ನು ಬಿಟ್ಟು ಉಳಿದೆಲ್ಲರ ಮನೆಯನ್ನೂ ಚೊಕ್ಕವಾಗಿ ಇಡಬಲ್ಲವಳು. ಗಿರಾಕಿಗಳ ಸಾಮಾನೆಲ್ಲ ಅಂಗಡಿಯ ಹಿಂದೆ ಹೋಯಿತು. ಪಕ್ಕದ ಮನೆಯಿಂದ ಹಿಮದ ಬೆಟ್ಟದ ಚಿತ್ರ ಬಂತು. ಗಾಜಿನ ಬಟ್ಟಲಲ್ಲಿ ಸೇಬು ಬಂತು.

"ಮುಟ್ಟೀಯಾ ಮತ್ತೆ! ಅದು ತಿನ್ನೋಕಲ್ಲ, ಇರೋಕೆ" ಎಂದಳು ಅಕ್ಕ. ಆಮೇಲೆ ಪರೀಕ್ಷೆ ಶುರು ಮಾಡಿದಳು. "ಮಗು ಎಷ್ಟೊತ್ತಿಗೆ ಮಲಗತ್ತೆ?"

"ನಿದ್ದೆ ಬಂದಾಗ."

"ಕೆಟ್ಟೋಯ್ತು! ಎಂಟೂವರೆಗೆ ಅನ್ನೋ. ಊಟಕ್ಕೆ ಏನು ಕೊಡ್ತೀಯಾ?"

"ಅವಳೇ ಹೇಳ್ತಾಳೆ."

"ಅಯ್ಯೋ ದೇವರೇ. ಪೌಷ್ಟಿಕ ಆಹಾರ ಅನ್ನು. ಎಲ್ಲಿ, ಅನ್ನು ನೋಡೋಣ."

"ಪೌಷ್ಟಿ..." ಎಂದು ಮೊಳೆಬಾಯಿ ಅಲ್ಲಿಗೇ ನಿಂತ.

ಉಳಿದದ್ದು ಕಿಟಕಿ ಕೆಳಗಿನ ಸೋಫಾ. ಅದನ್ನು ಕಂಡು ಅಕ್ಕ ಮೂಗು ಮುರಿದಳು. "ಇದೇನೋ ಇದು, ಹುಚ್ಚರ ಅಂಗಿ ಹಾಕ್ಕೊಂಡಿದೆ. ಇದಕ್ಕೊಂದು ಮರ್ಯಾದೆ ಬಟ್ಟೆ ತೊಡಿಸು."

ಅಟ್ಟದ ಮೇಲೆ ಕಡುಗೆಂಪು ರೆಕ್ಸಿನ್ನಿನ ಒಂದು ಸುರುಳಿ ಇತ್ತು. ಹಿಂದೆ ಇದೇ ಕೋರ್ಟಿನ ಕಾರಿಡಾರಿನ ಬೆಂಚುಗಳಿಗೆ ಹೊದಿಕೆ ಹಾಕಿದ್ದು ಮೊಳೆಬಾಯಿಯೇ. ಅದರಲ್ಲಿ ಉಳಿದ ಮಾಲು. ಅವನು ಕೈಯಾಡಿಸಿ ನೋಡಿದ. ಗಟ್ಟಿ ಮಾಲು, ಹೊಳಪೂ ಇದೆ. ಬಾಯಿಂದ ಮೊಳೆ ಉಗುಳಿ ಹೇಳಿದ:

"ಕೋರ್ಟೇ ಒಪ್ಪಿರೋ ಮಾಲು ಕಣಕ್ಕಾ. ಕೋರ್ಟಿನೋರು ಇದಕ್ಕೇನು ಹೆಸರಿಡ್ತಾರೆ?"

ಆ ವಾರಕ್ಕೆಲ್ಲ ಅದೇ ಅವನ ದೊಡ್ಡ ಭಾಷಣ. ಅಕ್ಕನಿಗೂ ಹೌದು ಅನ್ನಿಸಿತು. ಸೋಫಾಕ್ಕೆ ಹೊದಿಸಿದ. ಎರಡು ಸ್ಟೂಲು, ಪುಟ್ಟಿ ಬರೆಯುವ ಕುರ್ಚಿ, ಮಂಚದ ತಲೆಹಲಗೆ, ಯಾವುದನ್ನೂ ಬಿಡಲಿಲ್ಲ. ಅಂಚಿಗೆಲ್ಲ ಹಿತ್ತಾಳೆ ತಲೆಯ ಕಬ್ಬಿಣದ ಮೊಳೆ ಸಾಲಾಗಿ ಹೊಡೆದ. ವಕೀಲರು ಬಂದು ನೋಡಿ, "ಈಗ ಗಂಭೀರವಾಗಿದೆ" ಎಂದರು.

ಶನಿವಾರ ಮೇಡಂ ಬಂದರು. ಸೋಫಾದ ಅಂಚಿನಲ್ಲಿ ಕೂತರು. ಬೆಟ್ಟದ ಚಿತ್ರ ನೋಡಿದರು, ಸೇಬು ನೋಡಿದರು. ಸುಮ್ಮನೆ ಕೂತವರು ಯಾಕೋ ಗಡಿಯಾರ ನೋಡಿಕೊಂಡು, ತಡೆದರೂ ಬಂದ ಆಕಳಿಕೆಯನ್ನು ಕೈಯಲ್ಲಿ ಮುಚ್ಚಿಕೊಂಡರು. "ಮನೆ ನೀಟಾಗಿದೆ" ಎಂದು ಬರೆದುಕೊಂಡರು. ಅಕ್ಕನ ಮುಖ ಊರಗಲವಾಯಿತು.

ಅಷ್ಟರಲ್ಲಿ ಸೋದರಮಾವ ಪುಟ್ಟಿಯನ್ನು ಬಾಗಿಲಲ್ಲಿ ಬಿಟ್ಟು ಹೋದ. ಬೇರೆ ಶನಿವಾರವಾಗಿದ್ದರೆ ಅವಳ ಚಪ್ಪಲಿ ಒಂದು ಆ ಮೂಲೆ, ಒಂದು ಈ ಮೂಲೆ. ಅವಳು ನೇರ ಸೋಫಾದ ಮೇಲೆ. ಇವತ್ತು ಹೊಸ್ತಿಲಲ್ಲೇ ನಿಂತಳು. ಕೆಂಪು ಸೋಫಾ ನೋಡಿದಳು, ಕೆಂಪು ಸ್ಟೂಲು ನೋಡಿದಳು, ಹಿತ್ತಾಳೆ ಮೊಳೆಗಳ ಸಾಲು ನೋಡಿದಳು. ಚಪ್ಪಲಿ ಬಿಡದೆ ಮೆಲ್ಲಗೆ ಒಳಗೆ ಬಂದು ಸೋಫಾದ ತುದಿಯಲ್ಲಿ ಮೊಣಕಾಲು ಜೋಡಿಸಿ ಕೂತಳು. ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಪಿಸುಗುಟ್ಟಿದಳು:

"ಅಪ್ಪಾ, ನಮ್ಮನ್ನ ಎಷ್ಟೊತ್ತಿಗೆ ಕರೀತಾರೆ?"

ಮೇಡಂ ಕೈಯಲ್ಲಿದ್ದ ಪೆನ್ನು ನಿಂತಿತು. "ಯಾರು ಕರೀಬೇಕು ಮರೀ?"

"ಜಡ್ಜು."

"ನಾಚ್ಕೆ ಮಗೂಗೆ, ಹಂಗೇ ಏನೋ ಅಂತಾಳೆ" ಎಂದು ಅಕ್ಕ ಹಲ್ಲು ಕಿರಿದಳು. "ಪುಟ್ಟೀ, ನೀರು ಕುಡೀತೀಯಾ?"

"ಬೇಡ ಅತ್ತೆ. ಇಲ್ಲಿ ಬಾತ್‌ರೂಮಿಗೆ ಹೋಗ್ಬೇಕಂದ್ರೆ ಕೇಳ್ಬೇಕು."

ಮೇಡಂ ಏನೋ ಉದ್ದಕ್ಕೆ ಬರೆಯತೊಡಗಿದರು. ಮಗು ಅಪ್ಪನ ಮನೆಯಲ್ಲಿ ಹೆದರುತ್ತದೆ ಎಂದಲ್ಲದೆ ಇನ್ನೇನು ಬರೆದಾರು? ಮೊಳೆಬಾಯಿಗೆ ಈಗ ಕೋರ್ಟಿನ ಕಾರಿಡಾರಿನ ಕೆಂಪು ಬೆಂಚುಗಳು ನೆನಪಾದವು. ಆ ಬೆಂಚುಗಳ ಮೇಲೆ ಅವನು ಒಂದು ದಿನವೂ ಕೂತವನಲ್ಲ. ಕೋರ್ಟಿಗೆ ಹೋದಾಗೆಲ್ಲ ಗೋಡೆಗೆ ಒರಗಿ ತನ್ನ ಹೊಲಿಗೆ ನೆಟ್ಟಗಿದೆಯಾ ಎಂದು ನೋಡುತ್ತಿದ್ದ. ಕೂತು ಕೂತು ಕಾಲು ಜೋಮು ಹಿಡಿಸಿಕೊಂಡದ್ದು ಪುಟ್ಟಿ.

ಈಗ ಏನಾದರೂ ಹೇಳಬೇಕು. ಅಕ್ಕ ಬಾಯಿಪಾಠ ಮಾಡಿಸಿದ್ದು ಒಂದೂ ನೆನಪಿಗೆ ಬರಲಿಲ್ಲ. ಎದ್ದು ಹೋಗಿ ಮೊಳೆ ಕೀಳುವ ಉಳಿ ತಂದು, ಸೋಫಾದ ಮುಂದೆ ಮಂಡಿಯೂರಿ, ಮೊದಲನೇ ಹಿತ್ತಾಳೆ ಮೊಳೆಯನ್ನು ಮೀಟಿದ. ಟಕ್ ಎಂದು ಬಂತು. ಅಭ್ಯಾಸಬಲದಿಂದ ಅದನ್ನು ಬಾಯಿಗಿಟ್ಟುಕೊಂಡ. ಇನ್ನೊಂದು ಕಿತ್ತ.

"ಅಯ್ಯಯ್ಯೋ! ಏನೋ ಮಾಡ್ತಿದೀಯಾ, ಬುದ್ಧಿ ಗಿದ್ದಿ ಇದೆಯೇನೋ ನಿಂಗೆ!" ಅಕ್ಕ ತಲೆ ಮೇಲೆ ಕೈ ಹೊತ್ತಳು.

ರೆಕ್ಸಿನ್ ಒಂದು ಮೂಲೆಯಲ್ಲಿ ಮಗುಚಿಕೊಂಡಿತು. ಕೆಳಗಿನಿಂದ ಹಸಿರು ಪಟ್ಟೆ ಇಣುಕಿತು. ಆಮೇಲೆ ಹಳದಿ ಹೂವು.

"ಒಳಗೇ ಇತ್ತಾ?" ಎಂದಳು ಪುಟ್ಟಿ.

ಬಾಯಿ ತುಂಬ ಮೊಳೆ. ಮೊಳೆಬಾಯಿ ತಲೆಯಾಡಿಸಿದ.

ಪುಟ್ಟಿ ಧಡಕ್ಕನೆ ಇಳಿದಳು. ಬ್ಯಾಗು ಒಂದು ಕಡೆ ಬಿತ್ತು, ಚಪ್ಪಲಿ ಎರಡು ಕಡೆ. ನೋಡದೆಯೇ ಸೋಫಾದ ಹಿಂದೆ ಕೈ ಹಾಕಿ ಅಯಸ್ಕಾಂತ ಎಳೆದು ನೆಲಕ್ಕೆ ಕೂತಳು.

"ಅದು ಅಲ್ಲೇ ಇರತ್ತೆ ಅಂತ ಹೇಗೆ ಗೊತ್ತಾಯ್ತು?" ಮೇಡಂ ಕೇಳಿದರು.

ಪುಟ್ಟಿ ಅವರನ್ನು ವಿಚಿತ್ರವಾಗಿ ನೋಡಿದಳು. "ಇನ್ನೆಲ್ಲಿರತ್ತೆ? ಆಂಟೀ, ಕಾಲು ಮೇಲೆತ್ಕೊಳ್ಳಿ. ಮೊಳೆ ಬಿದ್ದಿದೆ."

ಕೋರ್ಟಿನ ಮೇಡಂ ಎರಡೂ ಕಾಲು ಮೇಲೆತ್ತಿಕೊಂಡು ಕೂತರು. ಹಾಗೆ ಕೂತೇ, ಮೊದಲು ಬರೆದದ್ದನ್ನು ಹೊಡೆದು ಹಾಕಿ, ಬೇರೆ ಬರೆದರು. ಬರೆದು ಮುಗಿದ ಮೇಲೆ ಪುಟ್ಟಿ ಒಂದು ಸೇಬು ಕಚ್ಚಿಕೊಂಡು, ಇನ್ನೊಂದನ್ನು ಅವರ ಕೈಗಿಟ್ಟಳು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಈಗ ಶಾಲೆಯ ದಿನಗಳಲ್ಲಿ ಪುಟ್ಟಿ ಅಪ್ಪನ ಮನೆ, ರಜೆಯಲ್ಲಿ ಅಮ್ಮನ ಮನೆ. ಕರೆದುಕೊಂಡು ಹೋಗಲು ಬಂದಾಗ ಅಮ್ಮ ಆ ಸೋಫಾದಲ್ಲಿ ಸ್ವಲ್ಪ ಹೊತ್ತು ಕೂರುವುದೂ ಉಂಟು. ಮೊಳೆಬಾಯಿ ಈಗ ಅವಳೆದುರು ಮೊಳೆ ಉಗುಳಿ, "ಟೀ ಕುಡೀತೀಯಾ?" ಎನ್ನುತ್ತಾನೆ. ಅಷ್ಟಾದರೂ ಆಯಿತು. ಕೇಸು ಗೆದ್ದದ್ದು ತಾವೇ ಎಂದು ವಕೀಲರು ಹೇಳಿಕೊಂಡು ತಿರುಗುತ್ತಾರೆ. ಮಕ್ಕಳ ಕೇಸು ತಂದವರಿಗೆಲ್ಲ, "ಮನೇಲೊಂದು ಅಯಸ್ಕಾಂತ ಇಟ್ಕೊಳ್ಳಿ, ಕೋರ್ಟಿಗೆ ಅದು ಇಷ್ಟ" ಎಂದು ಸಲಹೆ ಕೊಡುತ್ತಾರಂತೆ.

ನಿಮ್ಮ ಮನೆಯಲ್ಲೂ ಹರಿದ ಕುರ್ಚಿ ಒಂದಾದರೂ ಇದ್ದೇ ಇರುತ್ತದೆ. ಅದನ್ನು ಹೊತ್ತುಕೊಂಡು ಒಂದು ಸಲ ಅವನ ಹತ್ತಿರ ಹೋಗಿ ಬನ್ನಿ. ಮಾತಿಗೆ ಅವಸರ ಮಾಡಬೇಡಿ, ಉಗುಳುವ ತನಕ ಕಾಯಿರಿ. ಕಿಟಕಿ ಕೆಳಗಿನ ಸೋಫಾದಲ್ಲಿ ಕೂರಿ. ಪುಟ್ಟಿ ಕಾಲೆತ್ತಿ ಅಂದರೆ ಎತ್ತಿ.